ಫಿನ್ಲೆಂಡಿಗೆ ಹೋದ ಅವರೆ ಹೊಲದ ಮಣ್ಣು

ಚನ್ನರಾಯಪಟ್ಟಣ ಹೋಬಳಿ

ವಿದೇಶಕ್ಕೆ ಹೋಗಿಬಂದವರನ್ನು ಎಲ್ಲರೂ ಏನು ತಂದಿರಿ ಎಂದು ಕೇಳುತ್ತಾರೆ. ನನ್ನ ಕಥೆಯನ್ನು ನಾನು ಏನು ಕೊಂಡುಹೋದೆ ಎನ್ನುವುದರಿಂದ ಶುರು ಮಾಡಬೇಕು. ಒಂದು ಡಬ್ಬಿ ಅವರೆಯ ಬಿತ್ತನೆ ಬೀಜ, ಒಂದು ಗಂಟು ಹೊಲದ ಮಣ್ಣು, ಒಂದು ಚೀಲ ಕಡಲೆಕಾಯಿ. ಮೊದಲ ಎರಡು ವಿಜ್ಞಾನಕ್ಕೆ, ಮೂರನೆಯದು ನಮ್ಮಕ್ಕನ ಬಲವಂತಕ್ಕೆ.

ಎಪ್ಪತ್ತರ ದಶಕದ ಆರಂಭ. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್ ಆಗಿದ್ದೆ. ಅವರೆ, ಕಡಲೆಕಾಯಿ ಗಿಡಗಳನ್ನು ಕಿತ್ತು ನೋಡಿದವರಿಗೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುವುದು ಗೊತ್ತು. ಮಣ್ಣಿನ ಬ್ಯಾಕ್ಟೀರಿಯಾ ಬೇರಿನೊಳಗೆ ಸೇರಿಕೊಂಡು ಕಟ್ಟಿಸಿಕೊಂಡ ಮನೆಗಳು ಅವು. ಬಾಡಿಗೆಗೆ ಬದಲಾಗಿ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿಕೊಡುತ್ತವೆ. ಆ ಗಂಟನ್ನು ಬ್ಲೇಡಿನಿಂದ ಕೊಯ್ದರೆ ಒಳಗೆ ಕೆಂಪು. ಅದು ಬಣ್ಣದ ಚೇಷ್ಟೆಯಲ್ಲ, ನಮ್ಮ ರಕ್ತವನ್ನು ಕೆಂಪು ಮಾಡುವ ಹಿಮೋಗ್ಲೋಬಿನ್ನಿನ ದೂರದ ನೆಂಟ. ಈ ವಿಷಯ ಹೇಳಿದಾಗ, ಈರುಳ್ಳಿಯನ್ನೂ ಮುಟ್ಟದ ನಮ್ಮ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಟಿಫಿನ್ ಡಬ್ಬಿಯ ಅವರೆಕಾಳು ಉಪ್ಪಿಟ್ಟನ್ನು ನೋಡುತ್ತಾ ಕುಳಿತುಬಿಟ್ಟರು. ಕೆಂಪಿರುವುದು ಬೇರಿನಲ್ಲಿ ಮಾತ್ರ, ಕಾಳಿನಲ್ಲಿಲ್ಲ ಎಂದು ನಾನು ಹೇಳಿದ್ದು ಅವರು ಡಬ್ಬಿ ಮುಚ್ಚಿದ ಮೇಲೆ. ಆ ಉಪ್ಪಿಟ್ಟು ನನ್ನ ಪಾಲಾಯಿತು.

ಫಿನ್ಲೆಂಡಿನ ಪ್ರೊಫೆಸರೊಬ್ಬರು ಸೋಯಾಬೀನಿನ ಬೇರಿನಿಂದ ಈ ಕೆಂಪನ್ನು ಬಿಡಿಸಿ ಪರೀಕ್ಷಿಸುತ್ತಿದ್ದರು. ನಿಮ್ಮ ಊರಿನ ಅವರೆಯದನ್ನೂ ಅದರ ಪಕ್ಕದಲ್ಲಿಟ್ಟು ನೋಡೋಣ, ಬೀಜ ತನ್ನಿ, ಅದು ಬೆಳೆದ ಹೊಲದ ಮಣ್ಣನ್ನೂ ತನ್ನಿ ಎಂದು ಕರೆದರು. ಮಣ್ಣು ಯಾಕೆಂದರೆ ಅವರೆಗೆ ಒಗ್ಗುವ ಬ್ಯಾಕ್ಟೀರಿಯಾ ಅವರ ದೇಶದ ಮಣ್ಣಿನಲ್ಲಿಲ್ಲ. ಏಪ್ರಿಲ್‌ನಲ್ಲಿ ಹೋಗಿ ಸೆಪ್ಟೆಂಬರ್ ಮುಗಿಯುವುದರೊಳಗೆ ಕೆಂಪು ಕೈಗೆ ಸಿಗಬೇಕು. ಸಿಗದಿದ್ದರೆ ನನ್ನ ಸಂಶೋಧನೆಗೆ ಅಲ್ಲೇ ಮಂಗಳ. "ಅವರೆಕಾಯಿ ತಗೊಂಡು ಫಾರಿನ್ನಿಗೆ ಹೋಗೋರ್ನ ಇದೇ ಮೊದಲು ನೋಡಿದ್ದು. ಹೋಗ್ಬನ್ನಿ, ಬರ್ತಾ ಸಾರು ತನ್ನಿ" ಎಂದು ನಮ್ಮ ವಿಭಾಗದ ಮುಖ್ಯಸ್ಥರು ರಜೆ ಮಂಜೂರು ಮಾಡಿದ್ದರು. ಅವರ ಮುಂದೆ ಬರಿಗೈಯಲ್ಲಿ ಬಂದು ನಿಲ್ಲುವುದನ್ನು ನೆನೆಸಿಕೊಂಡರೇ ಮೈ ಉರಿಯುತ್ತಿತ್ತು.

ಅಕ್ಕ ಇರುವುದು ದೇವನಹಳ್ಳಿ ಕಡೆ, ಚನ್ನರಾಯಪಟ್ಟಣ ಹೋಬಳಿಯ ನಮ್ಮ ಅಪ್ಪನ ಮನೆಯಲ್ಲೇ. ಗಂಡುಮಕ್ಕಳಿಲ್ಲವೆಂದು ಭಾವನನ್ನು ಮನೆ ಅಳಿಯನನ್ನಾಗಿ ತಂದುಕೊಂಡಿದ್ದೆವು. ಹೊರಡುವ ಹಿಂದಿನ ವಾರ ಊರಿಗೆ ಹೋಗಿ ಜಗಲಿಯ ಮೇಲೆ ಕುಳಿತು, "ಅಕ್ಕ, ನಮ್ಮ ಅವರೆ ಹೊಲದ ಮಣ್ಣು ಒಂದಿಷ್ಟು ಬೇಕು ಕಣಕ್ಕ" ಎಂದೆ.

ಅಕ್ಕ ಮೊರ ಕೆಳಗಿಟ್ಟಳು. ನನ್ನ ಮುಖ ನೋಡಿದಳು, ಪಾದ ನೋಡಿದಳು, ಮತ್ತೆ ಮುಖ ನೋಡಿದಳು.

"ಅದು ಯಾಕೆ ಅಂದ್ರೆ ಅಕ್ಕ..."

"ಯಾಕೆ ಅಂತ ಬಾಯ್ಬಿಟ್ ಹೇಳ್ಬೇಡ ಕಣೆ. ನಂಗ್ ಗೊತ್ತಾಯ್ತು. ನಾನೇ ತಂದ್ಕೊಡ್ತೀನಿ. ನೀನ್ ಎದ್ದು ಆ ಕಡೆ ನೆಳ್ಳಲ್ಲಿ ಕೂತ್ಕೋ."

ನೀರು ಸೇದಲು ಹೋದರೆ ಬಿಂದಿಗೆ ಕಸಿದುಕೊಂಡಳು. ಹಾಲಿಗೆ ಬೆಲ್ಲ ಹಾಕಿ ಕೊಟ್ಟಳು. ಫಾರಿನ್ನಿಗೆ ಹೋಗುವವರಿಗೆ ಮನೆಯಲ್ಲಿ ಇಷ್ಟು ಮರ್ಯಾದೆಯೇ ಎಂದು ನಾನು ಹಿಗ್ಗಿದೆ. ಹೊರಡುವ ದಿನ ಬಿಳಿ ಬಟ್ಟೆಯ ಗಂಟೊಂದನ್ನು ನನ್ನ ಮಡಿಲಿಗೇ ಹಾಕಿ, ಜೊತೆಗೆ ತಡೆಯಲಾರದಷ್ಟು ಕಡಲೆಕಾಯಿ ಕಟ್ಟಿಕೊಟ್ಟಳು. ಒಣಗಿಸಿದ, ಹುರಿಯದ ಕಾಯಿ, ಸಿಪ್ಪೆಯ ಸಂದಿನಲ್ಲಿ ಕೆಮ್ಮಣ್ಣು ಹಾಗೇ ಮೆತ್ತಿಕೊಂಡಿತ್ತು.

ಹೆಲ್ಸಿಂಕಿ ವಿಮಾನ ನಿಲ್ದಾಣ

ಏಪ್ರಿಲ್‌ನಲ್ಲಿ ನಮ್ಮಲ್ಲಿ ಮಾವಿನಕಾಯಿ. ಅಲ್ಲಿ ಇನ್ನೂ ಹಿಮ. ನಾನು ಸೀರೆಯ ಮೇಲೆ ನನ್ನವರ ಕೋಟು ಹಾಕಿಕೊಂಡು, ಕಾಲಿಗೆ ಎರಡು ಜೊತೆ ಕಾಲುಚೀಲ ಏರಿಸಿ, ಅದರ ಮೇಲೆ ಚಪ್ಪಲಿ ತೊಟ್ಟು ಇಳಿದೆ. ನನ್ನನ್ನು ನೋಡಿ ಯಾರೂ ನಗಲಿಲ್ಲ. ಫಿನ್ಲೆಂಡಿನವರು ಅಪರಿಚಿತರನ್ನು ನೋಡಿ ನಗುವುದೂ ಇಲ್ಲ, ಮಾತಾಡಿಸುವುದೂ ಇಲ್ಲ ಎಂದು ಆಮೇಲೆ ತಿಳಿಯಿತು. ಬಸ್ಸಿಗೆ ಕಾಯುವಾಗ ಒಬ್ಬರಿಂದ ಒಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ದೇವನಹಳ್ಳಿ ಬಸ್ಸಿನಲ್ಲಿ ಮೊಣಕೈ ಆಡಿಸಿ ಜಾಗ ಮಾಡಿಕೊಂಡು ಬೆಳೆದ ನನಗೆ, ಇವರೆಲ್ಲ ಪರಸ್ಪರ ಜಗಳವಾಡಿಕೊಂಡು ಬಂದಿದ್ದಾರೇನೋ ಅನ್ನಿಸಿತು.

ಕಸ್ಟಮ್ಸ್ ಅಧಿಕಾರಿ ಬಿಳಿ ಗಂಟಿನ ಮೇಲೆ ಬೆರಳಿಟ್ಟ. ಪ್ರೊಫೆಸರು ಕಳಿಸಿದ್ದ ಅನುಮತಿ ಪತ್ರ ತೋರಿಸಿದೆ. ಅವನು ಓದಿ, ನಂಬದೆ, ಗಂಟು ಬಿಚ್ಚಿ ಮೂಸಿ ನೋಡಿದ. ಕಲ್ಲಿನಂಥ ಆ ಮುಖದಲ್ಲಿ ಮೆಲ್ಲಗೆ ಏನೋ ಸಡಿಲವಾಯಿತು. ಮತ್ತೊಮ್ಮೆ ಮೂಸಿದ. ಪಕ್ಕದವನಿಗೂ ಮೂಸಿಸಿದ. ಇಬ್ಬರೂ ತಲೆಯಾಡಿಸಿ ನನ್ನನ್ನು ಬಿಟ್ಟರು.

ಅವರು ತಮ್ಮ ಕಾಫಿಯ ಜೊತೆ ತಿನ್ನುವ ಬನ್ನಿಗೆ ಏಲಕ್ಕಿ ಹಾಕುತ್ತಾರೆ. ಹಾಗಂತ ಆಗ ನನಗೆ ಗೊತ್ತಿರಲಿಲ್ಲ. ಮಣ್ಣು ಏಲಕ್ಕಿಯಂತೆ ಘಮಘಮಿಸಲು ಕಾರಣವೇನು ಎಂದೂ ನಾನು ಯೋಚಿಸಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಎಲ್ಲವೂ ಎಲ್ಲದರ ವಾಸನೆ ಹೊಡೆಯುತ್ತಿತ್ತು.

ಹೆಲ್ಮಿಯಮ್ಮನ ಮನೆ

ನಾನು ಉಳಿದುಕೊಂಡದ್ದು ಊರಾಚೆ, ಹೆಲ್ಮಿ ಎಂಬ ಹಿರಿಯ ಹೆಂಗಸಿನ ಮರದ ಮನೆಯಲ್ಲಿ. ನಾನು ಹೆಲ್ಮಿಯಮ್ಮ ಎಂದು ಕರೆಯತೊಡಗಿದೆ, ಆಕೆ ಬೇಡವೆನ್ನಲಿಲ್ಲ. ಬೇಡವೆನ್ನಲೂ ಮಾತಾಡಬೇಕಲ್ಲ. ಆಕೆಗೆ ನಾಲ್ಕು ಮಾತು ಇಂಗ್ಲಿಷ್ ಬರುತ್ತಿತ್ತು, ಅದನ್ನೂ ಕಷ್ಟಕಾಲಕ್ಕೆಂದು ಎತ್ತಿಟ್ಟಿದ್ದಳು. ಹೌದು ಎನ್ನಲು ಅವರ ಭಾಷೆಯಲ್ಲಿ 'ಯೋ' ಅನ್ನುತ್ತಾರೆ. ಆದರೆ ಉಸಿರು ಹೊರಗೆ ಬಿಡುತ್ತಾ ಅಲ್ಲ, ಒಳಗೆ ಎಳೆದುಕೊಳ್ಳುತ್ತಾ. ಮೊದಲ ಸಲ ಕೇಳಿದಾಗ ಆಕೆಗೆ ಎದೆ ಹಿಡಿದುಕೊಂಡಿತೆಂದು ಓಡಿಹೋಗಿ ಬೆನ್ನು ನೀವಿದ್ದೆ. ಆಕೆ ನನ್ನನ್ನು ಬಹಳ ಹೊತ್ತು ನೋಡಿ, ಮತ್ತೊಮ್ಮೆ ಉಸಿರೆಳೆದು 'ಯೋ' ಎಂದಳು. ನಾನು ಮತ್ತೆ ನೀವಿದೆ.

ಕಡಲೆಕಾಯಿ ಚೀಲವನ್ನು ಬಂದ ದಿನವೇ ಆಕೆಗೆ ಕೊಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಒಂದಿಷ್ಟು ಕಾಯಿ ದಾರಕ್ಕೆ ಪೋಣಿಸಿ ಕಿಟಕಿಯಾಚೆ ನೇತುಹಾಕಿದ್ದಾಳೆ, ಹಳದಿ ಹೊಟ್ಟೆಯ ಪುಟ್ಟ ಹಕ್ಕಿಗಳು ತಲೆಕೆಳಗಾಗಿ ಜೋತು ಕುಕ್ಕುತ್ತಿವೆ. ನಮ್ಮ ಭಾವ ಕಡಲೆಕಾಯಿ ಹೊಲದಲ್ಲಿ ಹಕ್ಕಿ ಓಡಿಸಲು ತಗಡು ಬಡಿದು ಬಡಿದು ಕೈ ನೋಯಿಸಿಕೊಳ್ಳುತ್ತಿದ್ದ. ಅದೇ ಕಾಯಿ ಇಷ್ಟು ದೂರ ಬಂದು ಹಕ್ಕಿಯ ಬಾಯಿಗೇ ಬಿತ್ತು. ಉಳಿದ ಚೀಲವನ್ನು ಹೆಲ್ಮಿಯಮ್ಮ ಮುಂದಿನ ಚಳಿಗಾಲದ ಹಕ್ಕಿಗಳಿಗೆಂದು ಸೌದೆ ಕೊಟ್ಟಿಗೆಯಲ್ಲಿ ಮೊಳೆಗೆ ನೇತುಹಾಕಿದಳು.

ಪ್ರಯೋಗಾಲಯ

ಪ್ರೊಫೆಸರು ಎತ್ತರದ, ನಾಚಿಕೆಯ ಮನುಷ್ಯ. ಮಾತಾಡಬೇಕಾದರೆ ಕಾಫಿ ಬೇಕು. ಒಂದು ದಿನ ಮೂರನೆಯ ಲೋಟದ ಹೊತ್ತಿಗೆ ಅವರು ನನಗೆ ಜೀನುಗಳ ಸಂಸಾರದ ಕಥೆ ಹೇಳಿದರು. ಬಹಳ ಹಿಂದೆ ಒಂದೇ ಜೀನಿತ್ತು, ಆಮ್ಲಜನಕ ಹಿಡಿಯುವ ಒಂದು ಪ್ರೋಟೀನಿನದು. ನಕಲು ಮಾಡಿಕೊಳ್ಳುವಾಗ ಜೀವಕೋಶ ತಪ್ಪು ಮಾಡಿ ಒಂದರ ಜಾಗದಲ್ಲಿ ಎರಡು ಬರೆದುಬಿಟ್ಟಿತು.

"ಮೂಲದ್ದು ಹಳೆಯ ಕೆಲಸ ಬಿಡುವ ಹಾಗಿಲ್ಲ, ಬಿಟ್ಟರೆ ಪ್ರಾಣಿ ಸಾಯುತ್ತದೆ" ಎಂದರು. "ಆದರೆ ಎರಡನೆಯದಕ್ಕೆ ಯಾವ ಜವಾಬ್ದಾರಿಯೂ ಇಲ್ಲ. ಅದು ಅಡ್ಡಾಡಬಹುದು, ಎಡವಬಹುದು. ಹೆಚ್ಚಿನವು ಎಡವಿ ಹಾಳಾಗುತ್ತವೆ. ಎಲ್ಲೋ ಒಂದು ಹೊಸ ಕೆಲಸ ಕಲಿಯುತ್ತದೆ."

ಹಾಗೆ ಕವಲೊಡೆದು ಒಬ್ಬ ಸೋದರಿ ಸ್ನಾಯುವಿನಲ್ಲಿ ಆಮ್ಲಜನಕ ಕೂಡಿಡಲು ನಿಂತಳು, ಕೆಲವರು ರಕ್ತದಲ್ಲಿ ಹೊತ್ತು ತಿರುಗಲು ಹೋದರು. ಒಬ್ಬಳಂತೂ ಬಸಿರಿನೊಳಗಿನ ಮಗುವಿಗೆಂದೇ ಮೀಸಲು. ತಾಯಿಯ ರಕ್ತದಿಂದ ಆಮ್ಲಜನಕವನ್ನು ಈಸಿಕೊಳ್ಳುವುದು ಅವಳ ಕೆಲಸ, ಮಗು ಹುಟ್ಟಿದ ಮೇಲೆ ನಿಧಾನಕ್ಕೆ ನಿವೃತ್ತಿ. ಮತ್ತೊಂದು ದೂರದ ಕವಲು ಅವರೆಯ ಬೇರಿನಲ್ಲಿ ಕುಳಿತು, ಬ್ಯಾಕ್ಟೀರಿಯಾಗೆ ಉಸಿರು ಕಟ್ಟದಷ್ಟು, ಕೆಲಸ ಕೆಡದಷ್ಟು ಮಾತ್ರ ಆಮ್ಲಜನಕವನ್ನು ಅಳೆದು ಕೊಡುತ್ತದೆ. ಕೇಳುತ್ತಾ ಕೇಳುತ್ತಾ ನನಗೆ ನಮ್ಮ ಮನೆಯೇ ಕಣ್ಣಿಗೆ ಕಟ್ಟಿತು. ಅಕ್ಕ ಹೊಲ, ಮನೆ, ದನ ನೋಡಿಕೊಂಡು ಉಳಿದಳು. ಆದ್ದರಿಂದ ನಾನು ಓದಿದೆ, ಅಲೆದೆ, ಇಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೇನೆ. ಅಂದು ಅಕ್ಕನ ಮೇಲೆ ಪ್ರೀತಿ ಉಕ್ಕಿತು, ನನ್ನ ಮೇಲೂ ಸ್ವಲ್ಪ ಹೆಮ್ಮೆಯಾಯಿತು.

ಆ ಹೆಮ್ಮೆ ಹೆಚ್ಚು ದಿನ ಬಾಳಲಿಲ್ಲ. ಗಾಜಿನ ಮನೆಯಲ್ಲಿ ಕುದಿಸಿ ಶುದ್ಧ ಮಾಡಿದ ಮರಳಿಗೆ ಅಕ್ಕನ ಮಣ್ಣು ಬೆರೆಸಿ ಅವರೆ ಬಿತ್ತಿದ್ದೆವು. ಬಳ್ಳಿ ಎದ್ದಿತು, ಹಬ್ಬಿತು, ಆಮೇಲೆ ಎಲೆ ಹಳದಿಗೆ ತಿರುಗಿತು. ಒಂದು ಗಿಡ ಕಿತ್ತು ನೋಡಿದರೆ ಬೇರು ಬೋಳು. ಇನ್ನೊಂದು ಕಿತ್ತೆ, ಅದೂ ಬೋಳು. ಪಕ್ಕದ ಕುಂಡದಲ್ಲಿ ಅವರ ಊರಿನ ಮಣ್ಣಿನಲ್ಲಿ ಅವರ ಬಟಾಣಿ ಗೊಂಚಲು ಗೊಂಚಲಾಗಿ ಗಂಟು ಕಟ್ಟಿಕೊಂಡು ಕುಳಿತಿತ್ತು. ಜೂನ್ ಮುಗಿಯುತ್ತಾ ಬಂದಿತ್ತು. ಪ್ರೊಫೆಸರು ಏನೂ ಅನ್ನಲಿಲ್ಲ. ಏನೂ ಅನ್ನದವರು ಇನ್ನೂ ಸುಮ್ಮನಾದರೆ ಎಷ್ಟು ಭಯವಾಗುತ್ತದೆ ಎಂದು ಅವತ್ತು ತಿಳಿಯಿತು.

ಉಳಿದ ಮಣ್ಣಿನ ಗಂಟನ್ನು ಬಿಚ್ಚಿ ಮೊದಲ ಸಲ ಸರಿಯಾಗಿ ನೋಡಿದೆ. ನಮ್ಮ ಹೊಲದ ಮಣ್ಣಿಗೆ ಈ ನಯ ಎಲ್ಲಿಂದ ಬಂತು? ಯಾರೋ ಜರಡಿ ಹಿಡಿದಿದ್ದಾರೆ. ಕೆಂಪು ಸ್ವಲ್ಪ ಕಪ್ಪಾಗಿದೆ. ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡೆ. ಅಷ್ಟೇ ಸಾಕಾಯಿತು. ಚಿಕ್ಕವಳಾಗಿದ್ದಾಗ, ಅಕ್ಕ ಮೊದಲ ಬಸುರಿಯಾಗಿ ಬಯಕೆ ಪಟ್ಟಾಗ, ಅವಳ ಸೆರಗಿನ ಗಂಟಿನಿಂದ ಕದ್ದು ತಿಂದ ರುಚಿ ಅದು. ಜರಡಿ ಹಿಡಿದು, ಬಾಣಲೆಯಲ್ಲಿ ಹದವಾಗಿ ಹುರಿದು, ಏಲಕ್ಕಿ ಕುಟ್ಟಿ ಹಾಕಿದ ಮಣ್ಣು. ಮದುವೆಯಾಗಿ ಏಳೆಂಟು ವರ್ಷವಾದರೂ ಮಕ್ಕಳಾಗದ ತಂಗಿ ಬಂದು ಮಣ್ಣು ಬೇಕು ಎಂದರೆ, ಅಕ್ಕ ಬೇರೆ ಏನೆಂದುಕೊಂಡಾಳು? ಬ್ಯಾಕ್ಟೀರಿಯಾ ಎಂದುಕೊಂಡಾಳೇ? ಅವೆಲ್ಲ ಚನ್ನರಾಯಪಟ್ಟಣ ಹೋಬಳಿಯ ಬಾಣಲೆಯಲ್ಲೇ ಸುಟ್ಟು ಹೋಗಿದ್ದವು.

ನನಗೆ ಮೊದಲು ನಗು ಬಂತು. ಆಮೇಲೆ ಅಳು ಬಂತು. ಅಷ್ಟು ಆಸೆಯಿಂದ ಹುರಿದಿದ್ದಾಳಲ್ಲ! ಕಾಗದ ಬರೆದು ಬೇರೆ ಮಣ್ಣು ತರಿಸೋಣವೆಂದರೆ ಅದು ಬಂದು ಸೇರುವಷ್ಟರಲ್ಲಿ ಸೆಪ್ಟೆಂಬರ್ ಮುಗಿಯುತ್ತಿತ್ತು. ನಿಜ ತಿಳಿಸೋಣವೆಂದರೆ ಅಕ್ಕನಿಗೆ ಓದಲು ಬಾರದು. ಊರಿನವರ ಬಾಯಲ್ಲಿ, ಜಗಲಿಯ ಮೇಲೆ, ನಾನು ಬಸುರಿಯಲ್ಲ ಎಂದು ಗಟ್ಟಿಯಾಗಿ ಓದಿಸುವುದು ಹೇಗೆ?

ಪ್ರೊಫೆಸರಿಗೆ ಮಾತ್ರ ಹೇಳಲೇಬೇಕಾಯಿತು. "ನಮ್ಮ ಕಡೆ ಬಸುರಿಯರು ಮಣ್ಣು ತಿನ್ನುತ್ತಾರೆ. ಅದಕ್ಕೆ ನಮ್ಮಕ್ಕ ಹುರಿದಿದ್ದಾಳೆ" ಎಂದೆ. ಅವರು ಮೊದಲ ವಾಕ್ಯ ಕೇಳಿಯೇ ಕೆಂಪಾಗಿ, ಎದ್ದು ನನಗೆ ಕುರ್ಚಿ ಎಳೆದುಕೊಟ್ಟರು. ಎರಡನೆಯದು ಅವರ ಕಿವಿಗೆ ಹೋದಂತೆ ಕಾಣಲಿಲ್ಲ. "ನಾನು ಹಾಗಲ್ಲ" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಹೆಂಗಸು ಮುಚ್ಚಿಟ್ಟುಕೊಳ್ಳಬಯಸಿದ್ದನ್ನು ಎರಡನೆಯ ಸಲ ಕೇಳುವುದು ಆ ದೇಶದಲ್ಲಿ ಸಭ್ಯತೆಯಲ್ಲ. ಮರುದಿನದಿಂದ ಪ್ರಯೋಗಾಲಯದಲ್ಲಿ ನಾನು ಬಾಗಿಲ ಹತ್ತಿರ ಹೋಗುವ ಮೊದಲೇ ಬಾಗಿಲು ತೆರೆಯುತ್ತಿತ್ತು. ಭಾರದ ಜಾಡಿಗಳು ತಾವಾಗಿಯೇ ನನ್ನ ಮೇಜಿಗೆ ಬರುತ್ತಿದ್ದವು. ಒಂದು ಮಾತೂ ಆಡದ ಜನರ ಮಧ್ಯೆ ಸುದ್ದಿ ಇಷ್ಟು ಬೇಗ ಹರಡುವುದು ಹೇಗೆಂದು ನನಗೆ ಈಗಲೂ ತಿಳಿಯದು.

ಸೌದೆ ಕೊಟ್ಟಿಗೆ

ಸುದ್ದಿ ಹೆಲ್ಮಿಯಮ್ಮನಿಗೂ ಮುಟ್ಟಿತು. ಸಂಜೆ ಮನೆಗೆ ಬಂದರೆ ತಟ್ಟೆಯಲ್ಲಿ ಕಪ್ಪು ದೋಸೆಗಳು, ಮೇಲೆ ಕೆಂಪು ಹಣ್ಣಿನ ಜಾಮ್. ರುಚಿಯಾಗಿತ್ತು, ಎರಡು ತಿಂದೆ. ಏನಿದು ಎಂದು ಕೇಳಿದಾಗ ಎತ್ತಿಟ್ಟಿದ್ದ ಇಂಗ್ಲಿಷಿನಿಂದ ಒಂದು ಮಾತು ಖರ್ಚು ಮಾಡಿದಳು. "ರಕ್ತ." ದನದ ರಕ್ತ ಕಲಸಿ ಹೊಯ್ದ ದೋಸೆ, ಬಸುರಿಗೆ ಒಳ್ಳೆಯದಂತೆ. ನಮ್ಮದು ಮಾಂಸ ತಿನ್ನುವ ಮನೆಯೇ. ಬಾಡೂಟದ ದಿನ ಕುರಿಯ ರಕ್ತದ ಪಲ್ಯಕ್ಕೆ ನಾನೂ ಅಕ್ಕನೂ ಕಿತ್ತಾಡಿದವರು. ಆದರೆ ದನದ್ದೆಂದು ತಿಳಿದಾಗ ಬಾಯಲ್ಲಿದ್ದ ಕೊನೆಯ ತುತ್ತನ್ನು ಅಗಿಯುವುದು ನಿಲ್ಲಿಸಿದೆ. ಹಿಮೋಗ್ಲೋಬಿನ್ ಎಲ್ಲ ಒಂದೇ ವಂಶದ್ದಲ್ಲವೇ ಎಂದು ಸಮಾಧಾನ ಹೇಳಿಕೊಂಡು ನುಂಗಿದೆ. ಮೂರನೆಯದನ್ನು ಮಾತ್ರ ಬೇಡವೆಂದೆ.

ನೀರು ಕುಡಿಯುತ್ತಾ ಕಿಟಕಿಯ ಕಡೆ ನೋಡಿದೆ. ದಾರದಲ್ಲಿ ಉಳಿದ ಒಂದು ಕಡಲೆಕಾಯಿ ಗಾಳಿಗೆ ತಿರುಗುತ್ತಿತ್ತು, ಅದರ ಸಂದಿನಲ್ಲಿ ಇನ್ನೂ ಒಂದಿಷ್ಟು ಕೆಂಪು. ಕಡಲೆಕಾಯಿಯ ಬೇರಿಗೆ ಒಗ್ಗುವ ಬ್ಯಾಕ್ಟೀರಿಯಾ ಅವರೆಗೂ ಒಗ್ಗುತ್ತದೆ. ಈ ಪಾಠವನ್ನು ನಾನೇ ಬಿ.ಎಸ್ಸಿ. ಹುಡುಗರಿಗೆ ಎಷ್ಟು ಸಲ ಮಾಡಿದ್ದೆ! ಅಕ್ಕ ಹುರಿಯದೆ ಕಳಿಸಿದ ಮಣ್ಣು ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಆದರೆ ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ? ಹೆಲ್ಮಿಯಮ್ಮನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಚೀಲ ತೋರಿಸಿದೆ. ಆಕೆಯ ಮುಖ ಬಿಗಿಯಿತು. ಹಕ್ಕಿಗಳ ಕಡೆ ಕೈ ತೋರಿಸಿದಳು. ನಾನು ಕಾಳು ಬೇಡ, ಮಣ್ಣು ಬೇಕು ಎನ್ನಲು ಒಂದು ಕಾಯಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದು, ಬೆರಳಿಗೆ ಹತ್ತಿದ ಕೆಂಪು ಧೂಳನ್ನು ತೋರಿಸಿದೆ. ಆಕೆ ಧೂಳನ್ನು ನೋಡಿದಳು. ನನ್ನ ಮುಖ ನೋಡಿದಳು, ಪಾದ ನೋಡಿದಳು, ಮತ್ತೆ ಮುಖ ನೋಡಿದಳು. ಥೇಟ್ ಅಕ್ಕನೇ. ನಂತರ ಉಸಿರು ಒಳಗೆಳೆದು 'ಯೋ' ಎಂದು, ಚೀಲವನ್ನು ಮೊಳೆಯಿಂದ ಇಳಿಸಿ ನನ್ನ ಮಡಿಲಿಗೆ ಹಾಕಿದಳು.

ನಾನು ಆಕೆಗೆ ಸುಳ್ಳು ಹೇಳಲಿಲ್ಲ. ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಆ ದೇಶದ ಪದ್ಧತಿಯನ್ನು ಅಷ್ಟರಲ್ಲಿ ಚೆನ್ನಾಗಿ ಕಲಿತಿದ್ದೆ.

ಸೌನಾ

ಚೀಲವನ್ನು ಕೊಡವಿ, ಸಿಪ್ಪೆ ಕೆರೆದು, ಬಂದಷ್ಟು ಧೂಳನ್ನು ನೀರಿಗೆ ಕಲಸಿ ಬೇರಿಗೆ ಹೊಯ್ದೆವು. ಇನ್ನು ಕಾಯುವುದಷ್ಟೇ ಕೆಲಸ. ಆ ದಿನಗಳಲ್ಲಿ ಅಲ್ಲಿ ರಾತ್ರಿಯೇ ಇರಲಿಲ್ಲವೆನ್ನಬಹುದು. ನಮ್ಮ ಅವರೆಗೆ ಹಗಲು ಗಿಡ್ಡವಾದರೇ ಹೂವಿನ ನೆನಪಾಗುವುದು. ಮುಳುಗಲೊಲ್ಲದ ಸೂರ್ಯನ ಕೆಳಗೆ ಅದು ಹೂ ಬಿಡುವುದನ್ನು ಮರೆತು ಬರೀ ಬಳ್ಳಿಯಾಗಿ ಕಿಟಕಿಯ ಚಿಲಕ, ಪೈಪು, ಪ್ರೊಫೆಸರ ಕೊಡೆ ಎಲ್ಲಕ್ಕೂ ಸುತ್ತಿಕೊಂಡಿತು. ಒಂದು ಸೊಗಡಿಲ್ಲ, ಒಂದು ಮೊಗ್ಗಿಲ್ಲ.

ಕಾಯುವ ಸಂಕಟಕ್ಕೆ ಹೆಲ್ಮಿಯಮ್ಮ ಸೌನಾಗೆ ಕರೆದಳು. ಮರದ ಕೋಣೆ, ಕಾದ ಕಲ್ಲು, ಮೇಲೆ ನೀರು ಚೆಲ್ಲಿದರೆ ಹಬೆ. ನಮ್ಮ ಬಚ್ಚಲ ಹಂಡೆಯೊಳಗೇ ಇಳಿದು ಕುಳಿತ ಹಾಗೆ. ಆಕೆ ಮೈಮೇಲೆ ನೂಲಿಲ್ಲದೆ ನಿರಾಳವಾಗಿ ಕುಳಿತಿದ್ದಳು. ನಾನು ಸೀರೆ ಉಟ್ಟುಕೊಂಡೇ ಹೋಗಿದ್ದೆ. ಎಲೆ ತುಂಬಿದ ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ತನ್ನ ಬೆನ್ನಿಗೆ ತಾನೇ ಬಾರಿಸಿಕೊಂಡು ನನಗೂ ಕೊಟ್ಟಳು. ನಮ್ಮಲ್ಲಿ ಹಾಗೆ ಸೊಪ್ಪಿನಲ್ಲಿ ಬಾರಿಸುವುದು ದೆವ್ವ ಬಿಡಿಸಲು. ಆಮೇಲೆ ಕೆಳಗಿನ ಹಲಗೆಯನ್ನು ತಟ್ಟಿ, ತನ್ನ ಹೊಟ್ಟೆ ಮುಟ್ಟಿ, ಮಗುವನ್ನು ತೂಗುವಂತೆ ಕೈ ಆಡಿಸಿದಳು. ಆಕೆಯ ಮಕ್ಕಳು ಹುಟ್ಟಿದ್ದು ಆ ಹಲಗೆಯ ಮೇಲಂತೆ. ನನ್ನನ್ನು ಅಲ್ಲಿ ಕೂರಿಸಿ ತಲೆ ಸವರಿದಳು. ಎಲ್ಲಿಯ ಹೆಲ್ಮಿಯಮ್ಮ, ಎಲ್ಲಿಯ ಅಕ್ಕ! ಇಬ್ಬರೂ ಸೇರಿ ಇಲ್ಲದ ಮಗುವೊಂದನ್ನು ನನಗಿಂತ ಹೆಚ್ಚು ಬಯಸಿದ್ದರು. ಕಣ್ಣಲ್ಲಿ ಬಂದ ನೀರನ್ನು ಹಬೆಯ ಲೆಕ್ಕಕ್ಕೆ ಹಾಕಿದೆ.

ಆಗಸ್ಟ್‌ನಲ್ಲಿ ಎಲೆಗಳು ಒಂದೊಂದಾಗಿ ಹಸಿರಿಗೆ ತಿರುಗಿದವು. ಪ್ರೊಫೆಸರು ಮರಳು ಕೊಡವಿ ಒಂದು ಗಿಡ ಎತ್ತಿದರು. ಬೇರಿನ ತುಂಬ ರಾಗಿ ಕಾಳಿನಷ್ಟು, ಕಡಲೆಯಷ್ಟು ಗಂಟು. ಬ್ಲೇಡು ಆಡಿಸಿದೆ. ಕೆಂಪು! ನಾನು ಕನ್ನಡದಲ್ಲೇ ಕಿರುಚಿದೆ. ಪ್ರೊಫೆಸರು ನನ್ನ ಕೈ ಕುಲುಕಿ, ಅದು ಸಾಲದೆನಿಸಿ, ಕೊಡೆಗೆ ಸುತ್ತಿದ್ದ ಬಳ್ಳಿಯನ್ನೂ ಕುಲುಕಿದರು. ಆ ಕೆಂಪನ್ನು ಹಿಂಡಿ, ಸೋಸಿ, ಶುದ್ಧ ಮಾಡಿ ಸೋಯಾಬೀನಿನದರ ಪಕ್ಕ ಇಟ್ಟು ನೋಡಿದಾಗ ಅಕ್ಕತಂಗಿಯರಷ್ಟು ಹೋಲಿಕೆ. ಅಕ್ಕತಂಗಿಯರಷ್ಟೇ ವ್ಯತ್ಯಾಸ.

ಮತ್ತೆ ಅವರೆ ಹೊಲ

ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಕೆಂಪು ಪುಡಿಯ ಪುಟ್ಟ ಗಾಜಿನ ನಳಿಗೆ ಇಟ್ಟು, "ಸಾರಿನ ಪುಡಿ ಸಾರ್" ಎಂದೆ. ಅವರು ಕನ್ನಡಕ ಏರಿಸಿದರು. ಆ ಸುಖವನ್ನು ಅನುಭವಿಸಿ ಮುಗಿಸಿ ಊರಿನ ಬಸ್ಸು ಹತ್ತಿದೆ.

ಅಕ್ಕ ಅವರೆ ಹೊಲದ ಬದುವಿನಲ್ಲಿದ್ದಳು. ಹೂ ಬಿಡುವ ಕಾಲ. ದೂರದಿಂದಲೇ ನನ್ನ ನಡಿಗೆ ನೋಡಿದಳು, ಆಮೇಲೆ ನನ್ನ ಹೊಟ್ಟೆ. ಕೇಳಲಿಲ್ಲ. ಭಾವ ಆಗಲೇ ಶಿವಗಂಗೆ ಬೆಟ್ಟ ಹತ್ತಿ ಹರಕೆ ಕಟ್ಟಿಕೊಂಡು ಬಂದಿದ್ದನಂತೆ. ಸೆರಗಿನಿಂದ ಮುಖ ಒರೆಸಿಕೊಂಡು, "ಬಾ, ಕೂತ್ಕೋ" ಎಂದಳು ಅಷ್ಟೇ.

ಎಲ್ಲವನ್ನೂ ಹೇಳಿದೆ. ಒಂದು ಗಿಡ ಕಿತ್ತು, ಗಂಟನ್ನು ಉಗುರಿನಲ್ಲಿ ಒಡೆದು ತೋರಿಸಿದೆ.

"ಇದಾ? ಇದ್ನ ನೋಡಕ್ ಅಷ್ಟ್ ದೂರ ಹೋಗಿದ್ಯಾ?"

ಜೀನಿನ ಸಂಸಾರದ ಕಥೆಯನ್ನೂ ಹೇಳಿದೆ. ಒಂದು ಜೀನು ಮನೆ ಹಿಡಿದು ಹಳೇ ಕೆಲಸ ಮಾಡುತ್ತಾ ಉಳಿಯಿತು, ಇನ್ನೊಂದು ಬದಲಾಗುತ್ತಾ ಹೋಯಿತು, ಥೇಟ್ ನೀನೂ ನಾನೂ ಇದ್ದ ಹಾಗೆ ಎಂದು ಉಪಕಾರ ಸ್ಮರಣೆ ಮಾಡುವವಳಂತೆ ಮುಗಿಸಿದೆ.

"ಓಹೋ! ನಾನು ಬದ್ಲಾಗ್ಲಿಲ್ಲ ಅಂತ ನಿಂಗ್ ಯಾರೇ ಹೇಳಿದ್ದು?" ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಅಪ್ಪ ಇದ್ದಾಗ ನಾನು ಬದುವಿನ್ ಮೇಲೆ ನಿಂತು ಆಳುಗಳಿಗೆ ಹೀಗ್ ಮಾಡಿ ಅಂತ ಹೇಳಿದ್ದುಂಟಾ? ಈಗ್ ನೋಡು ಬಾ. ನಿಮ್ ಭಾವನೇ ನನ್ನ ಕೇಳ್ದೆ ಬಿತ್ತಲ್ಲ. ಹೋದೋಳು ನೀನು, ತಿರುಗ್ ನೋಡ್ಲಿಲ್ಲ ಅಷ್ಟೆ."

ಇದನ್ನು ಪ್ರೊಫೆಸರಿಗೆ ಬರೆದು ಕೇಳಬೇಕೆಂದುಕೊಂಡೆ.

ಇಬ್ಬರೂ ಬದುವಿನ ಮೇಲೆ ಕುಳಿತೆವು. ಹೂವಿನ ಸೊಗಡು ಬರುತ್ತಿತ್ತು. ಅಕ್ಕ ಕಾಲ ಬಳಿಯ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತಾ ಕೇಳಿದಳು.

"ಅಂದ್ರೆ, ನಾನ್ ಹುರ್ದಿದ್ ಮಣ್ಣು ದಂಡ ಆಯ್ತು ಅನ್ನು."

"ಇಲ್ಲ ಕಣಕ್ಕ."

"ಮತ್ತೆ? ಗಿಡಕ್ಕೆ ಬರ್ಲಿಲ್ಲ ಅಂದ್ಯಲ್ಲ."

ಅವತ್ತು ನಾಲಿಗೆಗೆ ಹಚ್ಚಿಕೊಂಡ ಮೇಲೆ ಆ ಗಂಟನ್ನು ಪ್ರಯೋಗಾಲಯದಲ್ಲಿ ಬಿಡಲು ಮನಸ್ಸು ಬಂದಿರಲಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡಿದ್ದೆ. ಮಾತಾಡುವವರಿಲ್ಲದ ಸಂಜೆಗಳಲ್ಲಿ ಒಂದೊಂದು ಚಿಟಿಕೆ. ವಾಪಸು ಬರುವ ಹೊತ್ತಿಗೆ ಬರೀ ಬಟ್ಟೆ ಉಳಿದಿತ್ತು.

"ನಾನೇ ತಿಂದೆ" ಎಂದೆ. "ಪೂರ್ತಿ."

ಅಕ್ಕ ನನ್ನ ಮುಖವನ್ನು ನೋಡಿದಳು. ಈ ಸಲ ಪಾದ ನೋಡಲಿಲ್ಲ. ಮಣ್ಣಿನ ಕೈಯಿಂದಲೇ ನನ್ನ ಕೆನ್ನೆ ಹಿಂಡಿದಳು.

"ಏಲಕ್ಕಿ ಕಮ್ಮಿ ಆಗಿತ್ತೇನೋ" ಎಂದಳು.